ಇಸ್ತ್ರಿ ಅಕ್ಕನ ಮಾತ್ರೆ ಡಬ್ಬಿ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಅಕ್ಕ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಇಡುವ ಮೊದಲು ಜೇಬು ತಡಕುತ್ತಿದ್ದಳು. ಚೀಟಿ, ಬೀಗದ ಕೈ ಸಿಕ್ಕರೆ ವಾಪಸ್ಸು. ಯಾರೋ ಅರ್ಧ ಮುಗಿಸಿ ಮರೆತ ಮಾತ್ರೆಯ ಪಟ್ಟಿ ಸಿಕ್ಕರೆ ಮಾತ್ರ ನೇರ ಬಿಸ್ಕತ್ತಿನ ಡಬ್ಬಿಗೆ. ಯಾರಿಗೆ ಜ್ವರ ಬಂದರೂ ಆ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು. ಹೀಗೆ ಬೀದಿಯ ಜೇಬಿನ ಔಷಧ ಬೀದಿಯ ಹೊಟ್ಟೆಗೇ ಸೇರುತ್ತಿತ್ತು. ಎದುರುಮನೆಯವರ ಮಂಡಿನೋವಿನ ಮಾತ್ರೆಯಿಂದ ನನ್ನ ತಲೆನೋವು ಹೋಯಿತೆಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದರಲ್ಲಿ ನನ್ನ ಪಾಲೂ ಇದೆ.

ಜೊತೆಗೆ ಇಸ್ತ್ರಿ ಮಾಡುತ್ತಿದ್ದ ಅವಳ ತಮ್ಮನಿಗೆ ಒಮ್ಮೆ ಗಂಟಲು ಊದಿ ಎಂಜಲು ನುಂಗಲೂ ಆಗಲಿಲ್ಲ. ಡಾಕ್ಟರು ಹತ್ತು ದಿನದ ಮಾತ್ರೆ ಬರೆದರು. ಎರಡನೇ ದಿನಕ್ಕೆ ಜ್ವರ ಇಳಿಯಿತು. "ವಾಸಿಯಾದ್ಮೇಲೂ ತಿಂತಾ ಕೂರೋಕೆ ಅದೇನು ಮಿಠಾಯಿನಾ?" ಅಂದವಳೇ ಅಕ್ಕ ಉಳಿದದ್ದನ್ನು ಡಬ್ಬಿಗೆ ಹಾಕಿದಳು. ಮರುದಿನ ಅದು ಹಾಲಿನವನ ಗಂಟಲಿಗೆ ಇಳಿಯಿತು.

ಐದನೇ ದಿನ ತಮ್ಮ ಎದೆ ಹಿಡಿದುಕೊಂಡ. "ಗ್ಯಾಸು," ಎಂದು ಹಳದಿ ಮಾತ್ರೆಯೊಂದನ್ನು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವನು ಮಡಿಸಿಟ್ಟ ಅಂಗಿಗಳ ಮೇಲೆಯೇ ಕುಸಿದು ಕೂತ.

"ಏಳೋ, ಬಟ್ಟೆ ಸುಕ್ಕಾಗುತ್ತೆ."

"ಅಕ್ಕಾ, ಉಸಿರು ಸಾಲ್ತಿಲ್ಲ."

ಅವಳು ಪೆಟ್ಟಿಗೆ ಬದಿಗಿಟ್ಟು ಅವನನ್ನು ಆಟೋಗೆ ಹತ್ತಿಸಿದಳು.

ಆಸ್ಪತ್ರೆಗೆ ಅರ್ಧ ಬೀದಿಯೇ ಹಿಂದೆ ಹೋಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೊರಗೆ ಬಂದರು. "ಗಂಟಲಿನ ಸೋಂಕಿನಿಂದ ಹೃದಯದ ಸ್ನಾಯುವಿಗೆ ಉರಿಯೂತ ಬಂದಿದೆ. ಬಹಳ ಅಪರೂಪ ಇದು. ಆದ್ರೆ ಜೀವಕ್ಕೆ ಅಪಾಯ ಇದೆ. ಕೊಟ್ಟ ಮಾತ್ರೆ ಸರಿಯಾಗಿ ತಗೊಂಡಿದ್ರಾ?"

ಗಂಟಲಿಗೂ ಹೃದಯಕ್ಕೂ ನಂಟಿರಬಹುದೆಂದು ನಮ್ಮ ಬೀದಿಯ ವೈದ್ಯಶಾಸ್ತ್ರ ಹೇಳಿರಲಿಲ್ಲ. ನಾವೆಲ್ಲ ಗೋಡೆ ನೋಡಿದೆವು. ಹೌದು ಎಂದಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು.

"ಎರಡೇ ದಿನ ಸಾರ್. ಉಳಿದದ್ದು ನಾನೇ ಕಿತ್ಕೊಂಡೆ. ಇವತ್ತೊಂದು ಹಳದಿ ಮಾತ್ರೆ ಕೊಟ್ಟೆ, ಅದು ಯಾವುದಕ್ಕೆ ಅಂತ ನಂಗೂ ಗೊತ್ತಿಲ್ಲ," ಎಂದಳು, ಎಲ್ಲರೆದುರೇ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಅವಳ ಮೇಲೆ ನಿಜವಾದ ಗೌರವ ಹುಟ್ಟಿತು.

ತಮ್ಮ ಬದುಕಿಕೊಂಡ. ಆರು ತಿಂಗಳು ಭಾರ ಎತ್ತುವಂತಿಲ್ಲ. ಸ್ಟೂಲಿನ ಮೇಲೆ ಕೂತು ಅಂಗಿಗಳ ಗುಂಡಿ ಹಾಕುತ್ತಾನೆ. ಅಕ್ಕ ಒಬ್ಬಳೇ ಪೆಟ್ಟಿಗೆ ಎಳೆಯುತ್ತಾಳೆ. ಜೇಬಿನಲ್ಲಿ ಸಿಕ್ಕ ಮಾತ್ರೆಯನ್ನು ಈಗ ಬಟ್ಟೆಗೇ ಪಿನ್ನು ಚುಚ್ಚಿ ಕಳಿಸುತ್ತಾಳೆ.

ಮೊನ್ನೆ ಹಾಲಿನವನು ಮತ್ತೆ ಗಂಟಲು ಹಿಡಿದುಕೊಂಡು ಬಂದ. "ಡಾಕ್ಟರ ಹತ್ರ ಹೋಗು. ಬೇಕಾದ್ರೆ ನಾನೂ ಬರ್ತೀನಿ," ಎಂದಳು.

ಅವನು ಹೊರಗೆ ಬಂದು ನನ್ನ ಹತ್ತಿರ ಗೊಣಗಿದ: "ನೋಡಿದ್ರಾ? ತಮ್ಮ ವಾಸಿಯಾದ್ಮೇಲೆ ನಮಗೆ ಒಂದು ಮಾತ್ರೆ ಕೊಡೋಕೂ ಕೈ ಬರಲ್ಲ ಇವಳಿಗೆ."