ಹಲ್ಲು ಬಂತು, ಅಳು ಹೋಯಿತು

“ಬಾಯಾರ, ಹಲ್ಲು ಭಾಳ ಛಲೋ ಆಗ್ಯಾವ್ರಿ. ಆದ್ರ ಈಗ ಯಾರೂ ಅಳವಲ್ರು.”

ಇಳಕಲ್ಲಿನಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡು ಹದಿನೆಂಟು ವರ್ಷವಾಯಿತು. ಒಸಡು ಬಾತಿದೆ, ಕ್ಯಾಪ್ ಸಡಿಲಾಗಿದೆ, ಬಿಸಿ ಚಹಾ ಕುಡಿದರೆ ಜುಮ್ಮೆನ್ನುತ್ತದೆ, ಎಲ್ಲ ದೂರನ್ನೂ ಕೇಳಿದ್ದೇನೆ. ಜನ ಅಳುತ್ತಿಲ್ಲ ಎಂಬ ದೂರು ಇದೇ ಮೊದಲು. (ನನ್ನ ಕುರ್ಚಿಯಲ್ಲಿ ಕೂತವರು ಅಳದಿದ್ದರೆ ನಾನು ಹಿಗ್ಗುವವಳು. ಅಂದಹಾಗೆ, ನಮ್ಮ ಕಡೆ ಲೇಡಿ ಡಾಕ್ಟರೆಂದರೆ ಎಲ್ಲರಿಗೂ ‘ಬಾಯಾರು’.)

ದೂರು ತಂದವರು ರಾಜೇಸಾಬರು. ನಮ್ಮೂರಿನ ಬ್ಯಾಂಡ್ ಕಂಪನಿಯಲ್ಲಿ ನಲವತ್ತು ವರ್ಷದಿಂದ ಟ್ರಂಪೆಟ್ ಊದುವವರು. ಹುನಗುಂದದ ಸುತ್ತಮುತ್ತ ಮದುವೆ ಉಂಡವರು ಅವರನ್ನು ಕೇಳಿರುತ್ತೀರಿ, ನೋಡಿರಲಿಕ್ಕಿಲ್ಲ. ಮೆರವಣಿಗೆಯಲ್ಲಿ ಎಲ್ಲರ ಕಣ್ಣು ಪರಸಪ್ಪನ ಮೇಲೆ. ಅದೇ ಕಂಪನಿಯ ಇನ್ನೊಬ್ಬ ಟ್ರಂಪೆಟ್ಟಿನವ, ಮೂವತ್ತೈದರ ಹುರುಪಿನ ಆಳು. ಎತ್ತರದ ಸ್ವರ ಹಿಡಿದು ಒಂದೇ ಕೈಯಲ್ಲಿ ಪಟಪಟನೆ ಊದುತ್ತ, ಇನ್ನೊಂದು ಕೈಯಲ್ಲಿ ಮೀಸೆ ತಿರುವುತ್ತಾನೆ. ಕುಣಿಯುವವರೆಲ್ಲ ಅವನ ಮುಂದೆಯೇ. ರಾಜೇಸಾಬರು ಹಿಂದೆಲ್ಲೋ ಡೋಲಿನ ಮಗ್ಗುಲಲ್ಲಿ.

ಊಟ ಮುಗಿದು ಹೆಣ್ಣು ಒಪ್ಪಿಸುವ ಹೊತ್ತಾದಾಗ ಮಾತ್ರ ಅವರು ಮುಂದೆ ಬರುತ್ತಿದ್ದರು. ನಿಧಾನದ ಹಾಡು. ಪ್ರತಿ ಸ್ವರಕ್ಕೂ ಮೊದಲು ಒಂದಿಷ್ಟು ಉಸಿರು ಕೇಳಿಸುತ್ತಿತ್ತು, ಏನೋ ಹೇಳಲು ಬಾಯಿ ತೆರೆದವರು ತಡೆದುಕೊಂಡ ಹಾಗೆ. ಅಲ್ಲಿಯವರೆಗೆ ಎಲೆಅಡಿಕೆ ಹಾಕಿಕೊಂಡು ಜೋಕ್ ಹೊಡೆಯುತ್ತಿದ್ದ ಸೋದರಮಾವನೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ. “ಒಪ್ಪಿಸೋ ಮುಂದ ರಾಜೇಸಾಬ್ರ ಇರಬೇಕು ಮತ್ತ,” ಎಂದು ಹೆಣ್ಣಿನ ತಂದೆಯಂದಿರು ಮೊದಲೇ ಹೇಳಿಹೋಗುತ್ತಿದ್ದರು.

ಇಂಥವರು ದೀಪಾವಳಿಗೆ ಮುಂಚೆ ಹಲ್ಲುನೋವೆಂದು ನನ್ನ ಬಳಿ ಬಂದರು. ಮುಂದಿನ ಎರಡು ಹಲ್ಲು. ಒಂದು ಮುರಿದಿತ್ತು, ಇನ್ನೊಂದು ಹುಳುಕು, ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ರೂಟ್ ಕೆನಾಲ್ ಮಾಡಿ ಎರಡಕ್ಕೂ ಕ್ಯಾಪ್ ಕೂಡಿಸಿದೆ. ಸಂದು ಮುಚ್ಚಿದೆ. ಎಂಥಾ ಕೆಲಸ ಅಂತೀರಿ! ಅವರನ್ನು ಕೇಳಿಯೇ ಬಿಫೋರ್-ಆಫ್ಟರ್ ಫೋಟೋವನ್ನು ಸ್ಟೇಟಸ್‌ಗೆ ಹಾಕಿದೆ. (“ಉಣ್ಣೋ ಹೊತ್ತಿನ್ಯಾಗ ನಿನ್ನ ಸ್ಟೇಟಸ್ ನೋಡಬಾರದು ನೋಡು,” ಎಂದರು ನಮ್ಮ ಯಜಮಾನರು.)

ಮೊದಲ ಎರಡು ವಾರ ಟ್ರಂಪೆಟ್ಟಿನಿಂದ ಬರೀ ಗಾಳಿ ಬಂತಂತೆ. ಆಮೇಲೆ ಸ್ವರ ಹೊರಟಿತು, ಸಂದಿನಿಂದ ಸೋರುತ್ತಿದ್ದ ಆ ಉಸಿರಿನ ಸದ್ದಿಲ್ಲದೆ, ಮೊದಲಿಗಿಂತ ಸ್ವಚ್ಛವಾಗಿ. ಜನ್ಮದಲ್ಲಿ ಬಾರದಿದ್ದ ಮೇಲಿನ ಸ್ವರಗಳು ಬಂದವು. ಪರಸಪ್ಪನ ಹಾಗೆ ಪಟಪಟ ಊದಲೂ ಬಂತು.

“ಹಂಗಾರ ತ್ರಾಸ ಏನ್ರಿ?” ಎಂದೆ.

“ಎಲ್ಲಾ ಬರ್ತದಲ್ರಿ, ಅದ ತ್ರಾಸ. ಮೂರು ಮದಿವ್ಯಾಗ ಊದಿದ್ನಿ. ಒಬ್ಬರ ಕಣ್ಣಾಗೂ ನೀರಿಲ್ಲ. ಗುಡೂರಾಗ ಹಾಡು ನಡದಾಗ ಹೆಣ್ಣಿನ ಅವ್ವ ಫೋನ್ ಚಾರ್ಜರ್ ಹುಡುಕಾಕತ್ತಿದ್ರು!”

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಬ್ಯಾಂಡಿನ ಮಾಲೀಕರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರಂತೆ: ಭಾನುವಾರ ಕಮತಗಿಯಲ್ಲಿ ಮದುವೆ, ಅಲ್ಲಿಯೂ ಹೀಗೇ ಆದರೆ ಒಪ್ಪಿಸುವ ಹಾಡೂ ಪರಸಪ್ಪನಿಗೆ. ರಾಜೇಸಾಬರು ಇನ್ನು ಮನೆಯಲ್ಲಿ ಕೂಡುವುದು.

“ಕಿತ್ತು ಒಗದಬಿಡ್ರಿ ಬಾಯಾರ. ಮೊದಲಿನ ಸಂದ ಇರ್ಲಿ.”

ಸುಳ್ಳೇಕೆ ಹೇಳಲಿ, ಸಿಟ್ಟು ಬಂತು. ನನ್ನ ಕೈಯ ಅಷ್ಟು ಚೆಂದದ ಕೆಲಸವನ್ನು ನಾನೇ ಒಡೆಯಬೇಕೇ? ಆದರೆ ಆ ಮುಖ ನೋಡಿ ಮೆತ್ತಗಾದೆ. ಅವರು ಹಲ್ಲಿಗಾಗಿ ಬಂದಿರಲಿಲ್ಲ, ಬಾಳಿಗಾಗಿ ಬಂದಿದ್ದರು. ತೆಗೆದರೂ ಬಾಯಿಗೆ ಮತ್ತೆ ರೂಢಿಯಾಗಲು ವಾರಗಟ್ಟಲೆ ಬೇಕು, ಭಾನುವಾರಕ್ಕೆ ಆಗುವ ಮಾತಲ್ಲ ಎಂದು ತಿಳಿಸಿ ಹೇಳಿದೆ. “ಸೋಮವಾರ ಬರ್ರಿ, ತೆಗೀತೇನಿ,” ಎಂದೆ.

ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಚಹಾ ತರಿಸಿ, ಫೋನಿನಲ್ಲಿ ಜಾಝ್ ಹಚ್ಚಿದೆ. (ಧಾರವಾಡದ ಹಾಸ್ಟೆಲಿನಲ್ಲಿ ಗೋವಾದ ರೂಮ್‌ಮೇಟ್ ಅಂಟಿಸಿದ ಚಟ. ನಮ್ಮ ಮನೆಯಲ್ಲಿ ಇದರ ಹೆಸರು ‘ಆ ಪೇಂ ಪೇಂ’.) ಅಮೆರಿಕದ ಒಬ್ಬ ಹಳೆಯ ಕಲಾವಿದನ ನಿಧಾನದ ಟ್ರಂಪೆಟ್. ರಾಜೇಸಾಬರು ಚಹಾದ ಬಶಿ ಕೆಳಗಿಟ್ಟು ಕಣ್ಣು ಮುಚ್ಚಿದರು.

“ಇವ್ರವೂ ಮುಂದಿನ ಹಲ್ಲು ಮುರದಾವೇನ್ರಿ?”

ಹಲ್ಲಿನ ಸುದ್ದಿ ನನಗೇನು ಗೊತ್ತು? ಅದೇ ಮನುಷ್ಯನ ಇನ್ನೊಂದು ಹಾಡು ಹಚ್ಚಿದೆ. ಅದರಲ್ಲಿ ಅವನು ಪರಸಪ್ಪನ ಮುತ್ತಜ್ಜ! ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ತಿಳಿಯದಷ್ಟು ವೇಗ.

“ಇವ್ರು ಬ್ಯಾರೆದವ್ರಲ್ರಿ?”

“ಇಲ್ರಿ, ಅವ್ರ ಇವ್ರು.”

“ಇಷ್ಟು ಬರ್ತದ, ಆದ್ರೂ ಆ ಮೊದಲಿನ ಹಾಡಿನ್ಯಾಗ ಊದಲಿಲ್ಲ?”

“ಊದಲಿಲ್ಲ.”

“ಖರೇನ?” ಎಂದವರು ಮೊದಲಿನದನ್ನೇ ಮತ್ತೆ ಹಚ್ಚಿಸಿ ಮೂರು ಸಲ ಕೇಳಿದರು. ಹೊರಗೆ ಪೇಷಂಟ್ ಒಬ್ಬರು ದವಡೆ ಹಿಡಿದುಕೊಂಡು ನನಗೆ ಶಾಪ ಹಾಕುತ್ತಿದ್ದರು.

ಪರಸಪ್ಪನನ್ನು ಜರಿಯುವವಳು ನಾನಲ್ಲ. ಅವನು ದಿನಾ ಬೆಳಿಗ್ಗೆ ತುಟಿ ಬಾಯುವವರೆಗೆ ರಿಯಾಜ್ ಮಾಡುತ್ತಾನೆ. ಆ ಕಸುಬು ಇಲ್ಲದಿದ್ದರೆ ಮೆರವಣಿಗೆಯಲ್ಲಿ ಒಂದು ಕಾಲೂ ಏಳುವುದಿಲ್ಲ. ಆದರೆ ಬಂದದ್ದನ್ನೆಲ್ಲ ತೋರಿಸಲೇಬೇಕೆಂಬ ಈ ಚಡಪಡಿಕೆ ಇದೆಯಲ್ಲ, ಅದು ಯಾರನ್ನು ಬಿಟ್ಟಿದೆ? ಮೈಕ್ ಸಿಕ್ಕ ಅತಿಥಿ ಕೆಳಗಿಳಿಯುತ್ತಾರೆಯೇ? ಮದುವೆಯ ಅಡುಗೆಯವರು ಬದನೆಕಾಯಿ ಎಣ್ಣೆಗಾಯಿಯ ಪಕ್ಕ ಮಂಚೂರಿ ಇಡದೆ ಬಿಡುತ್ತಾರೆಯೇ? ನಾನಾದರೂ ಏನು? ನೋವೆಂದು ಬಂದವರ ಸಂದನ್ನೂ ಮುಚ್ಚಿ ಕಳಿಸಿದೆ. ಅದನ್ನು ಮುಚ್ಚಿ ಎಂದು ಅವರು ಕೇಳಿರಲೇ ಇಲ್ಲ.

ಭಾನುವಾರ ಕರೆಯದಿದ್ದರೂ ಕಮತಗಿಗೆ ಹೊರಟೆ. ಕಾರು ಯಜಮಾನರದು, ಓಡಿಸುವವರೂ ಅವರೇ.

“ಯಾರ ಮದಿವಿ?”

“ಗೊತ್ತಿಲ್ಲ.”

“ಊಟ ಐತಿಲ್ಲೋ?”

ಮಧ್ಯಾಹ್ನ ಮೂರರ ಬಿಸಿಲು. ಮದುಮಗಳು ಕಾರಿನ ಬಾಗಿಲ ಹತ್ತಿರ. ರಾಜೇಸಾಬರು ಮುಂದೆ ಬಂದು ಶುರುಮಾಡಿದರು. ಮೊದಲ ಸಾಲು ಸ್ವಚ್ಛ, ತೀರಾ ಸ್ವಚ್ಛ. ಆ ಮನೆಯ ಸೊಸೆಯಂದಿರ ಗುಂಪೊಂದು ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಮಾಲೀಕರು ಪರಸಪ್ಪನ ಕಡೆ ನೋಡಿದರು.

ಎರಡನೇ ಸಾಲಿನಲ್ಲಿ ಹಾಡು ಮೇಲೇರುತ್ತದೆ. ರಾಜೇಸಾಬರು ಏರಲಿಲ್ಲ. ಕೆಳಗಿನ ಸ್ವರದ ಮೇಲೇ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಅದನ್ನೂ ಬಿಟ್ಟು ಸುಮ್ಮನಾದರು. ಡೋಲಿನವನು ಗಾಬರಿಯಾಗಿ ಕೈ ತಡೆದ. ಆ ಸದ್ದಿಲ್ಲದ ಜಾಗದಲ್ಲಿ ಮದುಮಗಳ ತಂದೆ, “ಯವ್ವಾ…” ಎಂದರು.

ಅಷ್ಟೇ ನೋಡಿ. ಇಡೀ ಅಂಗಳ ಕರಗಿತು. ಪರಸಪ್ಪ ಟ್ರಂಪೆಟ್ ಬಗಲಿಗೆ ಇಟ್ಟುಕೊಂಡು ಆಚೆ ತಿರುಗಿದ. ನನ್ನ ಯಜಮಾನರ ಕಣ್ಣಿಗೆ ಧೂಳು ಬಿತ್ತಂತೆ. ಗುರುತು ಪರಿಚಯವಿಲ್ಲದ ಹುಡುಗಿಗಾಗಿ ನಾನೂ ಗಳಗಳನೆ ಅತ್ತೆ.

ಮದುಮಗಳ ಕಾರು ಹೋದ ಮೇಲೆ ರಾಜೇಸಾಬರ ಹತ್ತಿರ ಹೋದೆ. “ಮ್ಯಾಲಿನ ಸ್ವರ ಯಾಕ ಬಿಟ್ರಿ ರಾಜೇಸಾಬರ? ಬರಲಿಲ್ಲೇನು?”

“ಬಂದಿತ್ರಿ ಬಾಯಾರ. ತುಟಿಮಟಾ ಬಂದಿತ್ತು. ನಾನ ಒಲ್ಲೆ ಅಂದ್ನಿ.”