ಬೆಂಚಿನ ಮೇಲೆ ಐವರು ಸಾಕ್ಷಿಗಳು

೧೯೬೯ರಲ್ಲಿ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಕೊಳ್ಳೇಗಾಲದ ವರದಿಗಾರನಾಗಿದ್ದೆ. ಹನೂರು, ಯಳಂದೂರು ಕಡೆಯ ಸುದ್ದಿಯೂ ನನ್ನ ಪಾಲಿಗೇ ಸೇರಿತ್ತು. ಕೋರ್ಟು, ರೇಷ್ಮೆ ಮಾರುಕಟ್ಟೆ, ಹೊಲಕ್ಕೆ ನುಗ್ಗಿದ ಆನೆ, ಬಸ್ ಅಪಘಾತ, ಹೀಗೆ ದಿನಗಳು ಸಾಗುತ್ತಿದ್ದವು. ಪರೀಕ್ಷೆಯ ಒಂದೇ ಒಂದು ಪ್ರಶ್ನೆ ಸುದ್ದಿಯಾಗಿ ನನ್ನ ಮನೆಬಾಗಿಲಿಗೆ ಬಂದದ್ದು ಆ ವರ್ಷ, ಒಂದು ಶುಕ್ರವಾರ ಬೆಳಿಗ್ಗೆ.

ತಂದವರು ಮಧುವನಹಳ್ಳಿಯ ಜಯಮ್ಮ. ಬಿ.ಎ. ಮುಗಿಸಿ ಕೊಳ್ಳೇಗಾಲದ ಕೋರ್ಟಿನಲ್ಲಿ ನಕಲುಗಾರ್ತಿಯಾಗಿದ್ದರು. ತೀರ್ಪು, ಹೇಳಿಕೆಗಳನ್ನು ಅಕ್ಷರ ತಪ್ಪದೆ ನಕಲು ಮಾಡಿ ಕಕ್ಷಿದಾರರಿಗೆ ಕೊಡುವುದು ಅವರ ಕೆಲಸ. ಅವರಿಗೆ ವಕೀಲರಾಗಬೇಕಿತ್ತು. ಮೈಸೂರಿನ ಒಂದು ಲಾ ಕಾಲೇಜು ಆ ವರ್ಷ ಪ್ರವೇಶ ಪರೀಕ್ಷೆ ನಡೆಸಿತ್ತು. ಇಪ್ಪತ್ತೆಂಟು ದಾಟಿದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಜಯಮ್ಮನಿಗೆ ಆಗಲೇ ಇಪ್ಪತ್ತೆಂಟು. ಮುಂದಿನ ವರ್ಷ ಎಂಬುದು ಅವರಿಗಿರಲಿಲ್ಲ.

ಪರೀಕ್ಷೆಯಲ್ಲಿ ಹೆಚ್ಚಿನವರನ್ನು ಕಾಡಿದ್ದು ತರ್ಕದ ಭಾಗ. ಅದಕ್ಕೆ ಕಾನೂನಿನ ಜ್ಞಾನ ಬೇಡ. ಕೆಲವು ಷರತ್ತು ಕೊಡುತ್ತಾರೆ. ಅವುಗಳಿಂದ ಯಾವುದು ಖಚಿತ, ಯಾವುದು ಖಚಿತವಲ್ಲ ಎಂದು ಹೇಳಬೇಕು. ಜಯಮ್ಮ ಮೂರು ತಿಂಗಳು ಹುಣಸೆ ಬೀಜಗಳನ್ನು ನೆಲದ ಮೇಲೆ ಸಾಲಿಟ್ಟು ಇಂಥವನ್ನು ಬಿಡಿಸಿ ಅಭ್ಯಾಸ ಮಾಡಿದ್ದರು.

ಅಂದಿನ ನಮ್ಮ ಪತ್ರಿಕೆಯಲ್ಲೇ ಕಾಲೇಜಿನ ಸರಿಯುತ್ತರಗಳೂ ಆಯ್ಕೆ ಪಟ್ಟಿಯೂ ಅಚ್ಚಾಗಿದ್ದವು. ಕೊನೆಯ ಸೀಟು ಅರವತ್ತೆರಡು ಅಂಕಕ್ಕೆ ನಿಂತಿತ್ತು. ಜಯಮ್ಮನಿಗೆ ಅರವತ್ತೊಂದು. ಆಕ್ಷೇಪಣೆ ಸಲ್ಲಿಸಲು ಮಾರನೆಯ ದಿನ ಮಧ್ಯಾಹ್ನ ಹನ್ನೆರಡರವರೆಗೆ ಗಡುವು.

“ಹದಿನೇಳನೇ ಪ್ರಶ್ನೆ ನೋಡಿ ಸಾ. ನಿಮ್ ಪೇಪರ್ನೋರು ತಪ್ಪು ಅಚ್ಚಾಕವ್ರೆ, ಇಲ್ಲಾ ಕಾಲೇಜ್ನೋರೇ ತಪ್ಪವ್ರೆ,” ಎಂದರು.

ಪ್ರಶ್ನೆ ಹೀಗಿತ್ತು. ಪಟೇಲ, ಶಾನುಭೋಗ, ವ್ಯಾಪಾರಿ, ವೈದ್ಯ, ತೋಟಿ ಎಂಬ ಐವರು ಸಾಕ್ಷಿಗಳು ಒಂದೇ ಬೆಂಚಿನಲ್ಲಿ ಸಾಲಾಗಿ ಕುಳಿತಿದ್ದಾರೆ. ಪಟೇಲ ನಟ್ಟನಡುವೆ. ವ್ಯಾಪಾರಿ ಪಟೇಲನ ಪಕ್ಕದಲ್ಲಿಲ್ಲ. ಶಾನುಭೋಗ ವ್ಯಾಪಾರಿಯ ಪಕ್ಕದಲ್ಲಿದ್ದಾನೆ. ಹಾಗಾದರೆ ಪಟೇಲನ ಎರಡೂ ಪಕ್ಕಗಳಲ್ಲಿ ಯಾರಿದ್ದಾರೆ? ಕಾಲೇಜಿನ ಉತ್ತರ: ಶಾನುಭೋಗ ಮತ್ತು ವೈದ್ಯ. ಜಯಮ್ಮ ಗುರುತು ಹಾಕಿದ್ದು ಕೊನೆಯ ಆಯ್ಕೆಗೆ: ಕೊಟ್ಟ ವಿವರದಿಂದ ಹೇಳಲಾಗದು.

ಮೊದಲು ಮೈಸೂರಿನ ನಮ್ಮ ಪತ್ರಿಕಾ ಕಚೇರಿಗೆ ಟ್ರಂಕ್ ಕಾಲ್ ಮಾಡಿದೆ. ಅಚ್ಚಿನ ತಪ್ಪಲ್ಲ, ಕಾಲೇಜು ಕಳಿಸಿದ ಹಾಳೆಯಲ್ಲೂ ಹಾಗೇ ಇದೆ ಎಂದರು. ಆಮೇಲೆ ನಾನೇ ಕಾಗದದ ಮೇಲೆ ಬಿಡಿಸಿದೆ. ನನಗೂ ಕಾಲೇಜಿನ ಉತ್ತರವೇ ಬಂತು. ಜಯಮ್ಮ ನನ್ನ ಚಿತ್ರವನ್ನು ನೋಡಿ, “ತೋಟೀನ ತುದೀಲಿ ಕೂರ್ಸಿದ್ದೀರಿ. ಯಾಕೆ ಸಾ?” ಎಂದರು. ಪ್ರಶ್ನೆಯನ್ನು ಮತ್ತೆ ಓದಿದೆ; ತೋಟಿಯ ಜಾಗದ ಬಗ್ಗೆ ಅಲ್ಲಿ ಒಂದು ಮಾತೂ ಇರಲಿಲ್ಲ.

ನೋಡಿಯೇ ಬಿಡೋಣ ಎಂದು ಕೋರ್ಟಿನ ಎದುರಿನ ಬಸಪ್ಪನ ಟೀ ಅಂಗಡಿಗೆ ಹೋದೆವು. ಅಂದು ಲೊಕ್ಕನಹಳ್ಳಿಯ ಪಟೇಲ ಮಾದಪ್ಪನವರು ಹೊಲದ ಗಡಿಯ ಕೇಸಿಗೆ ಬಂದಿದ್ದರು. ಅವರ ಪರ ಸಾಕ್ಷಿ ಹೇಳಲು ಅದೇ ಊರಿನ ಹೊಲ-ಗಡಿ ಕಾಯುವ ತೋಟಿ, ಊರಾಚೆ ಕೇರಿಯ ಕೆಂಪಯ್ಯನೂ ಬಂದಿದ್ದ. ಟೀ ಕುಡಿಯುತ್ತಿದ್ದ ಮೂವರನ್ನು ಉಳಿದ ಪಾತ್ರಗಳಿಗೆ ಕರೆದೆ. ವ್ಯಾಪಾರಿ, ಶಾನುಭೋಗ, ನಡುವೆ ಪಟೇಲರು, ಆಚೆ ವೈದ್ಯ, ತುದಿಯಲ್ಲಿ ಕೆಂಪಯ್ಯ. ಮೂರೂ ಷರತ್ತು ಸರಿಹೋದವು.

“ಈಗ ವೈದ್ಯರೂ ಕೆಂಪಣ್ಣನೂ ಜಾಗ ಬದ್ಲಾಯಿಸ್ಕಳಿ,” ಎಂದರು ಜಯಮ್ಮ.

ಕೆಂಪಯ್ಯ ಏಳಲಿಲ್ಲ. “ಬ್ಯಾಡಿ ಕಣವ್ವ, ನಾ ಇಲ್ಲೇ ಇರ್ತೀನಿ.”

“ಪಕ್ಕಕ್ಕೆ ಬಂದ್ರೆ ನಾ ಎದ್ದೋಯ್ತೀನಿ,” ಎಂದರು ಪಟೇಲರು.

“ಪ್ರಶ್ನೇಲಿ ಅಂಗೇನೂ ಬರ್ದಿಲ್ಲ ಪಟೇಲ್ರೇ.”

“ಬರ್ದಿಲ್ದಿದ್ರೇನು? ಊರಲ್ಲಿ ಐತಲ್ಲ!”

“ಊರಲ್ಲಿರೋದನ್ನ ನೀವು ಸೇರಿಸ್ತಾ ಇದ್ದೀರಿ. ಮೂಲದಲ್ಲಿ ಇಲ್ದಿದ್ದನ್ನ ನಕಲಲ್ಲಿ ಸೇರ್ಸಿದ್ರೆ ನನ್ ಕೆಲ್ಸ ಓಯ್ತದೆ,” ಎಂದರು ಜಯಮ್ಮ.

ಬಸಪ್ಪ ಲೋಟ ತೊಳೆಯುತ್ತಲೇ ಹೇಳಿದ: “ಮದ್ಯಾನ್ಕೆ ಕಟಕಟೇಲಿ ನಿಂತು ನಿಮ್ ಗಡಿ ಕಲ್ಲು ತೋರ್ಸೋನು ಅವ್ನೇ ಕಣ್ರಿ. ಆಗ ಅವ್ನ ಮಾತು ಬೇಕು, ಈಗ ಪಕ್ಕ ಬ್ಯಾಡ್ವಾ?”

ಯಾರೋ ನಕ್ಕರು. ಪಟೇಲರು ನಗಲಿಲ್ಲ, ಏಳಲೂ ಇಲ್ಲ. ಬೆಂಚಿನಲ್ಲಿ ಅರ್ಧ ಗೇಣು ಸರಿದು, “ಬೇಗ ಬರ್ಕೊಳ್ರಿ,” ಎಂದರು. ಕೆಂಪಯ್ಯ ಬಂದು ಪಕ್ಕದಲ್ಲಿ ಕುಳಿತ. ಒಂದು ಷರತ್ತೂ ಮುರಿಯಲಿಲ್ಲ. ಎರಡೂ ಸಾಲುಗಳನ್ನು ಬರೆದು ಐವರಿಂದಲೂ ಸಹಿ ಹಾಕಿಸಿಕೊಂಡೆ. ಕೆಂಪಯ್ಯ ಹೆಬ್ಬೆಟ್ಟು ಒತ್ತಿದ.

ಶನಿವಾರ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ದಾರಿಯಲ್ಲಿ ಟೈರು ಪಂಕ್ಚರ್ ಆಗಿ ಮುಕ್ಕಾಲು ಗಂಟೆ ಹೋಯಿತು. ಕಾಲೇಜು ತಲುಪಿದಾಗ ಹನ್ನೊಂದೂವರೆ ದಾಟಿತ್ತು. ಪ್ರಾಂಶುಪಾಲರ ಕೋಣೆಯಲ್ಲಿ ಪ್ರಶ್ನೆ ರೂಪಿಸಿದ ಅಧ್ಯಾಪಕರೂ ಇದ್ದರು. ಆಕ್ಷೇಪಣೆ ಓದಿ ಅಧ್ಯಾಪಕರು ಮುಗುಳ್ನಕ್ಕರು.

“ತೋಟಿ ತುದಿಯಲ್ಲಿ ಕೂರುತ್ತಾನೆ ಅನ್ನುವುದು ಸಾಮಾನ್ಯ ಜ್ಞಾನ. ಅದನ್ನೂ ಬರೆಯಬೇಕಿತ್ತೇ?”

ನಾನು ಪೆನ್ಸಿಲ್ ತೆಗೆದೆ. “ಪಟೇಲನ ಪಕ್ಕ ತೋಟಿ ಕೂರುವಂತಿಲ್ಲ ಎಂಬುದು ಈ ಲಾ ಕಾಲೇಜಿನ ಪರೀಕ್ಷೆಯ ನಿಯಮ ಎಂದು ಬರೆದುಕೊಳ್ಳಲೇ? ನಿಮ್ಮ ಹೆಸರಿನಲ್ಲೇ ಹಾಕುತ್ತೇನೆ.”

ಅಧ್ಯಾಪಕರು ಪ್ರಾಂಶುಪಾಲರತ್ತ ತಿರುಗಿದರು. ಪ್ರಾಂಶುಪಾಲರು ಉತ್ತರಗಳ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಹದಿನೇಳನೆಯ ಉತ್ತರವನ್ನು ಹೊಡೆದು ತಿದ್ದಿ, ಸಹಿ ಮಾಡಿದರು. ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

ಸೋಮವಾರ ಹೊಸ ಪಟ್ಟಿ ಬಂತು. ಬದಲಾದದ್ದು ಕೊನೆಯ ಸಾಲು ಮಾತ್ರ. ಅಲ್ಲಿ ಜಯಮ್ಮನ ಹೆಸರಿತ್ತು. ನಾನು ಬರೆದ ವರದಿ ಒಳಪುಟದಲ್ಲಿ ಎರಡು ಕಾಲಂ ಬಂತು. ಕೋರ್ಟಿನ ಗುಮಾಸ್ತರೆಲ್ಲ ಸೇರಿ ಬಸಪ್ಪನ ಅಂಗಡಿಯಲ್ಲಿ ಟೀ ಕುಡಿಸಿದರು.

ಬುಧವಾರ ಯಳಂದೂರಿನಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಹೆಸರು ನಂಜುಂಡಸ್ವಾಮಿ, ಶಾಲಾ ಮೇಷ್ಟ್ರು. ಹಳೆಯ ಪಟ್ಟಿಯ ಕೊನೆಯ ಹೆಸರು ಅವರದು. ಉತ್ತರ ತಿದ್ದಿದ ಮೇಲೆ ಅವರ ಅಂಕ ಅರವತ್ತೊಂದಕ್ಕೆ ಇಳಿದಿತ್ತು. ಅವರಿಗೂ ಇಪ್ಪತ್ತೆಂಟು. ಜಗಳಕ್ಕೆ ಬಂದಿದ್ದಾರೆಂದು ನಾನು ಎದ್ದು ನಿಂತೆ.

“ಕೂತ್ಕಳಿ ಸಾ, ನಿಮ್ ವರದೀಲಿ ತಪ್ಪೇನಿಲ್ಲ,” ಎಂದರು. “ನಾನೂ ಮೊದ್ಲು ‘ಹೇಳಲಾಗದು’ ಅಂತ್ಲೇ ಗುರ್ತು ಆಕಿದ್ದೆ. ಆಮೇಲೆ ಪ್ರಶ್ನೆ ಮಾಡ್ದೋರ ಮನಸಲ್ಲಿ ಏನಿದ್ದದು ಅಂತ ಯೋಚ್ನೆ ಮಾಡಿ, ಒಡ್ದಾಕಿ ಬದ್ಲಾಯಿಸ್ದೆ. ಅವರ ಮನಸಲ್ಲಿದ್ದದ್ದು ಅದೇ ಆಗಿತ್ತು ನೋಡಿ.”

ಪ್ರಾಂಶುಪಾಲರಿಗೆ ಪತ್ರ ಬರೆದುಕೊಡುವುದಾಗಿ ಹೇಳಿದೆ. ಬೇಡವೆಂದರು. “ಏನಂತ ಬರೀತೀರಿ? ಸರಿಯಾದ್ದು ಗೊತ್ತಿದ್ದೂ ತಪ್ಪು ಬರ್ದ ಅಂತ್ಲಾ?” ಟೀ ಕುಡಿದು, ಶಾಲೆ ಗಂಟೆಗೆ ಹೊತ್ತಾಯಿತೆಂದು ಬಸ್ಸಿಗೆ ಹೋದರು.

ಜಯಮ್ಮ ಮುಂದೆ ವಕೀಲರಾದರು. ಆ ಶನಿವಾರ ಅಧ್ಯಾಪಕರನ್ನು ಹಾಗೆ ಕೇಳಿದ್ದು ಸರಿ ಎಂದು ಇಂದಿಗೂ ಹೇಳುತ್ತೇನೆ. ಆದರೆ ಕೊನೆಯ ಸಾಲಿನಲ್ಲಿ ಒಂದು ಹೆಸರು ಸೇರಿದಾಗ ಇನ್ನೊಂದು ಎಲ್ಲಿಗೆ ಹೋಯಿತು ಎಂದು ನಾನು ಕೇಳಿರಲಿಲ್ಲ. ಮೇಷ್ಟ್ರು ಹೋದ ಮೇಲೆ ಅವರ ವಿಷಯವಾಗಿ ನಾಲ್ಕು ಸಾಲು ಬರೆದು ಕಳಿಸಿದೆ. ಇದರಲ್ಲಿ ಸುದ್ದಿ ಏನಿದೆ ಎಂದು ಡೆಸ್ಕಿನವರು ಕೇಳಿದರು; ಅಚ್ಚಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಯಾವ ತಪ್ಪು ತಿದ್ದಿದ ಸುದ್ದಿ ಬಂದರೂ, ಆ ತಪ್ಪನ್ನು ನಂಬಿ ನಡೆದವರ ಊರಿಗೂ ಒಮ್ಮೆ ಹೋಗಿ ಬಂದ ಮೇಲೆಯೇ ವರದಿ ಕಳಿಸುತ್ತಿದ್ದೆ.