ಮಡಿಲಕ್ಕಿಯ ಜೊತೆಗೆ ಮಾತ್ರೆ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ಸೊಸೆ ದಿವ್ಯಾಳ ಸೀಮಂತ ನಡೆಯಿತು. ಅತ್ತೆಯಾದವಳು ಸೊಸೆಯನ್ನು ಹೊಗಳಿ ಬರೆದರೆ ಓದುವವರು ನಗಬಹುದು. ನಗಲಿ. ದಿನಾ ಬೆಳಿಗ್ಗೆ ಹಾಲಿನ ಸೊಸೈಟಿಯ ಸಾಲಿನಲ್ಲಿ ನಿಂತು ಊರವರ ಸೊಸೆಯಂದಿರ ದೂರು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ಸಲ ನನ್ನ ಸೊಸೆಯ ವಿಷಯವನ್ನೂ ಜನ ಕೇಳಲಿ.

ನಮ್ಮದು ಕಡಬದ ಹತ್ತಿರ. ಮಗ ಗುಂಡ್ಯದಲ್ಲಿ ಟಯರ್ ಪಂಕ್ಚರ್ ಹಾಕುವ ಅಂಗಡಿ ಇಟ್ಟುಕೊಂಡಿದ್ದಾನೆ. ದಿವ್ಯಾ ಈಶ್ವರಮಂಗಲದ ಹುಡುಗಿ. ಮದುವೆಯಾದ ಮರುವರ್ಷ ಅವಳಿಗೆ ಖಿನ್ನತೆ ಶುರುವಾಗಿತ್ತು. ಊಟ ಸೇರದು, ನಿದ್ದೆ ಬಾರದು, ಏನಾಯಿತು ಅಂತ ಕೇಳಿದರೆ ಕಣ್ಣಲ್ಲಿ ನೀರು. ಪುತ್ತೂರಿನ ಮನೋವೈದ್ಯರೊಬ್ಬರು ಕೊಟ್ಟ ಮಾತ್ರೆಯಿಂದ ಹುಡುಗಿ ಮತ್ತೆ ಮೊದಲಿನಂತಾದಳು. ತವರಿಗೆ ಮಾತ್ರ ಹೇಳುವುದು ಬೇಡ ಎಂದು ಅವಳದೇ ಹಟ. ನಾವೂ ಹೇಳಲಿಲ್ಲ.

ಬಸುರಿ ಎಂದು ಗೊತ್ತಾದ ದಿನವೇ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಮಗುವಿಗೆ ತೊಂದರೆಯಾದರೆ ಎಂಬ ಹೆದರಿಕೆ. ಕೆಲವೇ ವಾರಗಳಲ್ಲಿ ಹಳೆಯದೆಲ್ಲ ಮರಳಿತು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಬಕೆಟ್ ತುಂಬಿ ನೀರು ಹರಿದು ಹೋಗುತ್ತಿದ್ದರೂ ಅವಳಿಗೆ ಅದರ ಪರಿವೆಯೇ ಇಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

"ಅತ್ತೆ, ಈ ಮಗುವಿಗೆ ನನ್ನಂಥ ಅಮ್ಮ ಬೇಡ" ಅಂದಳು.

ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಮರುದಿನ ಸೊಸೈಟಿಗೆ ಹಾಕುವ ಹಾಲನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಅವಳನ್ನು ಕರೆದುಕೊಂಡು ಪುತ್ತೂರಿನ ಬಸ್ಸು ಹತ್ತಿದೆ.

ಡಾಕ್ಟರಮ್ಮ ಬೈಯಲಿಲ್ಲ. ತಾನಾಗಿ ನಿಲ್ಲಿಸಬಾರದಿತ್ತು ಎಂದಷ್ಟೇ ಹೇಳಿದರು. ಆಮೇಲೆ ಅವಳ ಮುಖ ನೋಡಿ, "ಮದ್ದಿನಿಂದ ಏನೂ ಅಪಾಯ ಇಲ್ಲ ಅಂತ ನಾನು ಹೇಳುದಿಲ್ಲ. ಆದರೆ ಮದ್ದಿಲ್ಲದೆ ನೀವು ಹೀಗಿರುದೂ ಮಗುವಿಗೆ ಒಳ್ಳೆಯದಲ್ಲ" ಅಂದರು. ಅವಳಿಗೆ ಹಿಡಿಸಿದ ಮಾತ್ರೆ ಬಸುರಿಯರಿಗೂ ಕೊಡುವಂಥದ್ದಂತೆ. ಹೆರಿಗೆ ಡಾಕ್ಟರಿಗೂ ಅಲ್ಲಿಂದಲೇ ಫೋನ್ ಮಾಡಿ ಮಾತನಾಡಿದರು. ಸಣ್ಣ ಡೋಸಿನಿಂದ ಶುರುಮಾಡಿ, ನಿಧಾನವಾಗಿ ಮೊದಲಿನಷ್ಟಕ್ಕೆ ತಂದರು. ದಿವ್ಯಾ ಮತ್ತೆ ನಗಲು ಶುರುಮಾಡಿದಳು.

ಆರು ತಿಂಗಳು ದಾಟುವಾಗ ಮತ್ತೆ ಸ್ವಲ್ಪ ಮಂಕಾದಳು. ಈ ಸಲ ಡಾಕ್ಟರಮ್ಮ ಡೋಸ್ ಹೆಚ್ಚಿಸಿದರು. ನನಗೆ ತಡೆಯಲಾಗಲಿಲ್ಲ. ಹೊಟ್ಟೆ ದೊಡ್ಡದಾದ ಹಾಗೆ ಮದ್ದು ಕಡಿಮೆ ಮಾಡುವುದು ಬಿಟ್ಟು ಜಾಸ್ತಿ ಮಾಡುವುದೆಂದರೆ ಎಂತ ಲೆಕ್ಕ ಅಂತ ಕೇಳಿಯೇಬಿಟ್ಟೆ. ಅವರು ಸಮಾಧಾನದಿಂದ ವಿವರಿಸಿದರು. ತಿಂಗಳು ತುಂಬುತ್ತಾ ಬಂದಂತೆ ಮೈಯಲ್ಲಿ ರಕ್ತ ಹೆಚ್ಚಾಗುತ್ತದೆ, ಮದ್ದು ಬೇಗ ಖರ್ಚಾಗುತ್ತದೆ, ಹಾಗಾಗಿ ಕೆಲವರಿಗೆ ಮೊದಲಿನ ಡೋಸ್ ಸಾಲುವುದಿಲ್ಲ. ಅರ್ಧಂಬರ್ಧ ಕೊಟ್ಟರೆ ಮಗುವಿಗೆ ಮದ್ದೂ ತಾಗಿದ ಹಾಗಾಯಿತು, ತಾಯಿಗೆ ಕಾಯಿಲೆಯೂ ಉಳಿದ ಹಾಗಾಯಿತು. ಗಬ್ಬದ ಹಸುವಿಗೆ ಹಿಂಡಿ ಜಾಸ್ತಿ ಹಾಕುವವಳು ನಾನು, ನನಗೆ ಆ ಮಾತು ಒಪ್ಪಿಗೆಯಾಯಿತು.

ಸೀಮಂತ ಮುಗಿಸಿ ದಿವ್ಯಾ ತವರಿಗೆ ಹೋಗಬೇಕು. ನನ್ನ ಚಿಂತೆ ಇದ್ದದ್ದು ಅಲ್ಲೇ. ಅವಳ ಅಮ್ಮ ಬಸುರಿಗೆ ಜ್ವರದ ಮಾತ್ರೆಯನ್ನೂ ಕೊಡದ ಹೆಂಗಸು. ಗೊತ್ತಾದರೆ ಮದ್ದನ್ನು ಎಸೆದು ಕಷಾಯ ಕುಡಿಸುವುದು ಖಂಡಿತ, ಮಾತ್ರೆ ತಪ್ಪಿದರೆ ಹುಡುಗಿ ಪುನಃ ಆ ಕಲ್ಲಿನ ಮೇಲೆ ಕೂರುವುದೂ ಖಂಡಿತ. ಮಾತ್ರೆಗಳನ್ನು ಬ್ಯಾಗಿನಲ್ಲಿ ಸೀರೆಗಳ ಅಡಿಗೆ ಇಟ್ಟು, ಯಾರಿಗೂ ಕಾಣದ ಹಾಗೆ ತೆಗೆದುಕೋ ಅಂದೆ.

ಸೀಮಂತದ ದಿನ ಮನೆ ತುಂಬ ಹೆಂಗಸರು. ಒಬ್ಬೊಬ್ಬರೇ ಹೂ ಮುಡಿಸಿದರು, ಸಿಹಿ ತಿನ್ನಿಸಿದರು. ಕೊನೆಗೆ ನಾನು ಅವಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ ಹಾಕಿ, ಇನ್ನು ಏಳು ಅಂದೆ. ಅವಳು ಸೆರಗು ಹಿಡಿದುಕೊಂಡು ಕೂತೇ ಇದ್ದಳು.

"ಅತ್ತೆ, ಇನ್ನೊಂದು ಬಾಕಿ ಉಂಟಲ್ಲ. ನನ್ನ ಮದ್ದು. ಅದನ್ನೂ ಇದರಲ್ಲೇ ಹಾಕಿ."

ಚಾವಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಹೋಗಿ ಸೀರೆಗಳ ಅಡಿಯಿಂದ ಮಾತ್ರೆಯ ಶೀಟು ತೆಗೆದು ತಂದು ತೆಂಗಿನಕಾಯಿಯ ಮೇಲಿಟ್ಟೆ. ಅವಳ ಅಮ್ಮ ಎಂತ ಮದ್ದು ಅದು ಅಂತ ಕೇಳಿದರು.

"ಮನಸ್ಸಿನ ಕಾಯಿಲೆಯದ್ದು ಅಮ್ಮ. ನಿಲ್ಲಿಸಿ ನೋಡಿದೆ, ಆಗಲಿಲ್ಲ. ಈ ಮಗುವಿಗೆ ನಾನು ಬೇಕು. ಡಾಕ್ಟರು ಹೇಳದೆ ಇನ್ನು ನಿಲ್ಲಿಸುದಿಲ್ಲ" ಅಂದಳು. ಹಿಂದೆ ಕೂತವರಿಗೂ ಕೇಳುವ ಹಾಗೆ ಹೇಳಿದಳು.

ನನ್ನ ಗಂಡನ ಅಕ್ಕ, ಬಸುರಿ ಹೆಂಗಸು ಇಂಥದ್ದೆಲ್ಲ ತಿನ್ನಬಾರದು ಅಂತ ರಾಗ ಎಳೆಯಲು ಶುರುಮಾಡಿದರು. ಅಷ್ಟು ಹೊತ್ತಿಗೆ ನನಗೂ ಧೈರ್ಯ ಬಂದಿತ್ತು.

"ಅತ್ತಿಗೆ, ಮಡಿಲಿಗೆ ಹಾಕಿದ್ದನ್ನು ವಾಪಸು ತೆಗೆಯುವ ಕ್ರಮ ಇಲ್ಲ. ಊಟಕ್ಕೆ ಏಳಿ" ಅಂದೆ.

ದಿವ್ಯಾಳ ಅಮ್ಮ ಒಂದು ಮಾತೂ ಆಡದೆ ಮಗಳನ್ನು ಕರೆದುಕೊಂಡು ಹೋದರು. ಆ ಮೌನ ನನ್ನನ್ನು ಹೆರಿಗೆಯವರೆಗೂ ಕಾಡಿತು. ಫೋನ್ ಮಾಡಿದಾಗಲೆಲ್ಲ ದಿವ್ಯಾ ಚೆನ್ನಾಗಿಯೇ ಮಾತನಾಡುತ್ತಿದ್ದಳು, ಆದರೆ ಅಮ್ಮ ಪಕ್ಕದಲ್ಲಿರುವಾಗ ನಾನು ಏನು ಕೇಳಲಿ? ಹೆಣ್ಣು ಮಗು ಹುಟ್ಟಿತು. ಮೊದಲೆರಡು ದಿನ ಸ್ವಲ್ಪ ಜಾಸ್ತಿ ಅತ್ತಿತು, ಕೈ ಅದುರುತ್ತಿತ್ತು. ಮದ್ದಿನಿಂದ ಹೀಗಾಗಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಆಸ್ಪತ್ರೆಯಲ್ಲಿ ಕಣ್ಣಿಟ್ಟು ನೋಡಿಕೊಂಡರು. ಆಮೇಲೆ ಎಲ್ಲ ಸರಿಯಾಯಿತು.

ಬಾಣಂತನ ಮುಗಿಸಿ ಅವಳ ಅಮ್ಮನೇ ತಾಯಿ ಮಗುವನ್ನು ಕರೆತಂದರು. ಕ್ರಮದಂತೆ ಮಗಳ ಮಡಿಲು ತುಂಬಿಸಿಯೇ ಹೊರಟಿದ್ದರು. ಮೆಟ್ಟಿಲ ಬಳಿ ನಾನು ಮಗುವನ್ನು ಎತ್ತಿಕೊಂಡು, ದಿವ್ಯಾ ಹಿಡಿದಿದ್ದ ಸೆರಗಿನೊಳಗೆ ನೋಡಿದೆ. ಅಕ್ಕಿ ಇತ್ತು, ತೆಂಗಿನಕಾಯಿ ಇತ್ತು. ಅದರ ಮೇಲೆ ಒಂದು ಹೊಸ ಮಾತ್ರೆಯ ಶೀಟು ಇತ್ತು.

"ಇದು ಮುಗಿಯುವ ಮೊದಲು ಪುತ್ತೂರಿಗೆ ಕರಕೊಂಡು ಹೋಗಿ ಅಕ್ಕ" ಅಂದರು ಅವಳ ಅಮ್ಮ. "ನಮ್ಮಲ್ಲಿ ಒಂದು ದಿನವೂ ತಪ್ಪಲಿಲ್ಲ. ನಾನೇ ನೀರು ಕೊಟ್ಟು ಎದುರು ನಿಲ್ಲುತ್ತಿದ್ದೆ."

ಮೊಮ್ಮಗಳು ಈಗ ಮಗುಚಿ ಬೀಳುತ್ತಾಳೆ. ಹಾಲಿನ ಸಾಲಿನಲ್ಲಿ ಯಾರಾದರೂ ನಿಮ್ಮ ಸೊಸೆ ಈಗಲೂ ಆ ಮದ್ದು ತಿನ್ನುವುದಾ ಅಂತ ಮೆಲ್ಲಗೆ ಕೇಳಿದರೆ, ಹೌದು ಅಂತ ನಾನು ಜೋರಾಗಿಯೇ ಹೇಳುತ್ತೇನೆ. ಹಾಗೆ ಹೇಳುವುದನ್ನು ನನಗೆ ಕಲಿಸಿದವಳು ನನ್ನ ಸೊಸೆ.